ಸಂಸಾರಸಮೇತ ಗಿರಿವಿಹಾರ

(ನಮ್ಮ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಹಗಲೆಲ್ಲ ಗಿರಣಿಯಲ್ಲಿ ಹಾಜರಿಪಟ್ಟಿ ಬರೆದು, ಸಂಜೆ ಬಂದು ಈ ಕಪಾಟುಗಳ ಬೀಗ ತೆಗೆಯುವ ಕಾರಕೂನರು ನಾವು. ಮೆಟ್ರಿಕ್ಕಿನ ಆಚೆಗೆ ಓದಿದವರಲ್ಲ. ಸಾಹಿತ್ಯದ ಮೇಲೆ ಭಾಷಣ ಮಾಡುವ ಅಧಿಕಾರ ನಮಗಿಲ್ಲ. ಆದರೆ ಕೆಲವು ವರ್ಷಗಳಿಂದ ಡಿಸೆಂಬರ ತಿಂಗಳ ರಜೆಯಲ್ಲಿ ವಾಚನಾಲಯದ ಏಳೆಂಟು ಸಂಸಾರಗಳನ್ನೂ ಒಂಟಿಯಾಗಿರುವ ಗೆಳೆಯರನ್ನೂ ಕೂಡಿಸಿಕೊಂಡು ಬೆಟ್ಟಕ್ಕೆ ಹೋಗಿಬರುವ ರೂಢಿ ಇಟ್ಟುಕೊಂಡಿದ್ದೇವೆ. ಈಗಿನ ಹುಡುಗರು ಇದನ್ನು ಚಾರಣ ಎನ್ನುತ್ತಾರೆ, ಟ್ರೆಕಿಂಗ್ ಎನ್ನುತ್ತಾರೆ. ಬುತ್ತಿ ಕಟ್ಟಿಕೊಂಡು ಬೆಟ್ಟ ಹತ್ತುವುದಕ್ಕೆ ಹೆಸರು ಯಾವುದಾದರೇನು! ಈ ವರ್ಷ ಬರಲಿಚ್ಛಿಸುವವರಿಗೆ ಅದರ ರೀತಿ ರಿವಾಜುಗಳನ್ನು ತಿಳಿಸಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದರಿಂದ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇವೆ.

ದೇಶ ಸುತ್ತು, ಕೋಶ ಓದು ಎಂದು ನಮ್ಮ ಹಿರಿಯರು ಹೇಳಿದರು. ಕೋಶ ಓದುವುದಕ್ಕೆ ಈ ಕೋಣೆಯಿದೆ. ಚಂದಾ ಇಲ್ಲ, ಠೇವಣಿ ಇಲ್ಲ. ದೇಶ ಸುತ್ತುವುದಕ್ಕೆ ನಮ್ಮ ಬಳಿ ಏನಿದೆ? ವರ್ಷದ ದೊಡ್ಡ ರಜೆ ಎಲ್ಲ ಊರಿಗೇ ಹೋಗುತ್ತದೆ. ಮದುವೆ, ಜಾತ್ರೆ, ಜಮೀನಿನ ತಂಟೆ, ತಾಯಿತಂದೆಗಳ ಕಾಯಿಲೆ, ಇವುಗಳಲ್ಲಿ ರಜೆ ಕರಗಿಹೋಗುತ್ತದೆ. ಉಳಿಯುವುದು ನಾತಾಳದ ಒಂದೆರಡು ದಿನ. ಅಷ್ಟರಲ್ಲಿ ಊರಿಗೆ ಹೋಗಿ ಬರಲಾಗುವುದಿಲ್ಲ. 1998ರಲ್ಲಿ ಕೊಂಕಣ ರೈಲು ಮಂಗಳೂರಿನ ತನಕ ಪೂರ್ತಿಯಾಗಿ ಓಡತೊಡಗಿದ ಮೇಲೆ ಕರಾವಳಿಯವರಿಗೆ ದಾರಿ ಹತ್ತಿರವಾಯಿತೇನೋ ನಿಜ. ಆದರೆ ನಾತಾಳದ ವಾರದಲ್ಲಿ ಆ ಗಾಡಿಯಲ್ಲಿ ಜಾಗ ಸಿಕ್ಕವನು ಪುಣ್ಯವಂತ! ವಿಜಾಪುರ, ಗದಗಿನ ಕಡೆಯವರ ಪಾಡೂ ಇದಕ್ಕಿಂತ ಬೇರೆಯಲ್ಲ. ಹೀಗಾಗಿ ಆ ರಜೆಯನ್ನು ನಾವು ಹತ್ತಡಿ ಕೋಣೆಯಲ್ಲಿ ಮಲಗಿ ಕಳೆಯುತ್ತೇವೆ. ನಮ್ಮ ಹೆಂಗಸರಿಗೆ ಆ ಮಲಗುವ ಭಾಗ್ಯವೂ ಇಲ್ಲ. ಗಂಡಸರೂ ಮಕ್ಕಳೂ ಮನೆಯಲ್ಲಿದ್ದರೆ ಒಲೆಯ ಕೆಲಸ ಹೆಚ್ಚು.

ಇಷ್ಟಕ್ಕೂ ಬೆಟ್ಟ ನಮಗೆ ದೂರವಿಲ್ಲ. ಕಲ್ಯಾಣ ದಾಟಿದ ಗಾಡಿಯ ಕಿಟಕಿಯಲ್ಲಿ ಕಾಣುವ ನೀಲಿಯ ಗೆರೆ ಸಹ್ಯಾದ್ರಿಯೇ. ತಾಪಿ ನದಿಯ ಬಳಿಯಿಂದ ದಕ್ಷಿಣದ ತುದಿಯವರೆಗೆ ಸುಮಾರು 1600 ಕಿಲೋಮೀಟರು ಹಬ್ಬಿದ ಈ ಸಾಲೇ ಮುಂದೆ ನಮ್ಮ ಆಗುಂಬೆಯಾಗಿ, ಕುದುರೆಮುಖವಾಗಿ, ಕೊಡಗಾಗಿ ನಿಂತಿದೆ. 2012ರಲ್ಲಿ ಇದರ ಆಯ್ದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಲಾಯಿತು. ಇಲ್ಲಿಯ ಭಾಗ ಕಪ್ಪು ಕಲ್ಲಿನದು. ಆರೂವರೆ ಕೋಟಿ ವರ್ಷಗಳಷ್ಟು ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾರಸ ಒಂದರ ಮೇಲೊಂದು ಪದರವಾಗಿ ಹೆಪ್ಪುಗಟ್ಟಿ ಈ ಬೆಟ್ಟಗಳಾದವು. ದೂರದಿಂದ ನೋಡಿದರೆ ದೋಸೆಯ ಮೇಲೆ ದೋಸೆ ಪೇರಿಸಿದಂತೆ ಕಾಣುವುದು ಇದೇ ಕಾರಣಕ್ಕೆ.

ಚಳಿಗಾಲವನ್ನೇ ಏಕೆ ಆರಿಸಿದಿರಿ ಎಂದು ಕೆಲವರು ಕೇಳುತ್ತಾರೆ. ಮಳೆಗಾಲದ ಸಹ್ಯಾದ್ರಿ ಚೆಲುವಾದದ್ದು. ಆದರೆ ಪಾಚಿ ಕಟ್ಟಿದ ಮೆಟ್ಟಿಲು, ಕವಿದ ಮಂಜು, ಏಕಾಏಕಿ ಏರುವ ಹಳ್ಳದ ನೀರು, ಇವು ಮಕ್ಕಳನ್ನೂ ಮುದುಕರನ್ನೂ ಕರೆದೊಯ್ಯುವವರ ಜೀವ ಹಿಂಡುತ್ತವೆ. ಬೇಸಿಗೆಯಲ್ಲಿ ಕಲ್ಲು ಕಾದ ಹಂಚಿನಂತಾಗುತ್ತದೆ. ಡಿಸೆಂಬರದಲ್ಲಿ ನೆಲ ಒಣಗಿರುತ್ತದೆ, ಆಕಾಶ ತೊಳೆದಿಟ್ಟಂತಿರುತ್ತದೆ, ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ. ಆದರೆ ದೂರದ ಬೆಟ್ಟ ನುಣ್ಣಗೆ. ಚಳಿಗಾಲಕ್ಕೂ ತನ್ನದೇ ಆದ ಕಷ್ಟಗಳಿವೆ: ಹಗಲು ಚಿಕ್ಕದು, ತೊರೆಗಳು ಬತ್ತಿರುತ್ತವೆ, ಒಣ ಹರಳು ಕಾಲಡಿಯಲ್ಲಿ ಉರುಳುತ್ತದೆ. ಇವನ್ನು ಮುಂದೆ ಹೇಳುತ್ತೇವೆ.

ಮೊದಲ ಸಲ ಹೊರಡುವವರು ಎಲ್ಲಿಗೆ ಹೋಗಬೇಕು? ಬೋರಿವಲಿಯ ಕಾಡಿನೊಳಗಿನ ಕಾನ್ಹೇರಿ ಗುಹೆಗಳು ಮೊದಲನೆಯ ಪಾಠ. ನೂರಕ್ಕೂ ಮಿಕ್ಕ ಗುಹೆಗಳು. ಅರ್ಧ ದಿನ ಸಾಕು. ಅಲ್ಲಿಯ ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನ ಹೆಸರಿದೆ. ಕವಿರಾಜಮಾರ್ಗದೊಡನೆ ಯಾರ ಹೆಸರು ಸೇರಿದೆಯೋ ಆ ನೃಪತುಂಗನೇ ಅವನು. ಮುಂಬಯಿಯಲ್ಲಿ ಕನ್ನಡದ ಗುರುತೆಲ್ಲಿ ಎಂದು ಕೇಳುವ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ಎರಡನೆಯ ಪಾಠ ಮಾಥೇರಾನ. ನೇರಳದಿಂದ ಅಲ್ಲಿಗೆ 1907ರಲ್ಲಿ ಪುಟ್ಟ ರೈಲು ಹಾಕಿದರು. ಸುಮಾರು 800 ಮೀಟರು ಎತ್ತರದ ಆ ಊರೊಳಗೆ ಮೋಟಾರುಗಳ ಓಡಾಟ ನಿಷಿದ್ಧ. ಕೆಂಪು ಮಣ್ಣಿನ ದಾರಿಯಲ್ಲಿ ಮಕ್ಕಳ ಕೈಬಿಟ್ಟು ನಡೆಯಬಹುದು. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ, 1646 ಮೀಟರು. ಅದು ಕೊನೆಯ ಪಾಠ. ಕಾಲು ಪಳಗಿದವರಿಗೆ ಮಾತ್ರ. ನಡುವಿನ ಪಾಠ ಲೋಹಗಡ. ಸಂಸಾರಸಮೇತ ಹೋಗುವವರಿಗೆ ಅದೇ ತಕ್ಕದ್ದೆಂದು ನಮ್ಮ ಅನುಭವ.

ಲೋಹಗಡಕ್ಕೆ ಲೋಣಾವಳದಲ್ಲಿ ಇಳಿದು ಪುಣೆಯ ಲೋಕಲ್ ಹಿಡಿದು ಮಳವಳಿ ಸ್ಟೇಶನ್ನಿಗೆ ಹೋಗಬೇಕು. ಮೊದಲು ದಾರಿಯ ಮಾತು. ಕರ್ಜತದಿಂದ ಗಾಡಿ ಬೋರಘಾಟವನ್ನು ಏರುವಾಗ ಹಿಂದಿನಿಂದ ನೂಕಲು ಹೆಚ್ಚಿನ ಎಂಜಿನ್ ಜೋಡಿಸುತ್ತಾರೆ. ಮಕ್ಕಳು ವಡಾ ತಿನ್ನುತ್ತ ಸುರಂಗ ಎಣಿಸುತ್ತಾರೆ. ದೊಡ್ಡವರು ಇನ್ನೊಂದನ್ನು ನೆನೆಯಬೇಕು. ಈ ಘಾಟದ ಕೆಲಸ 1856ರಲ್ಲಿ ಹಿಡಿದು 1863ರಲ್ಲಿ ಮುಗಿಯಿತು. ಬಂಡೆ ಸಿಡಿಸಿ ದಾರಿ ಮಾಡಿದವರು ಊರು ಬಿಟ್ಟು ಕೂಲಿಗೆ ಬಂದವರು. ಸಿಡಿತಕ್ಕೆ, ಕುಸಿತಕ್ಕೆ, ಅದಕ್ಕಿಂತ ಹೆಚ್ಚಾಗಿ ವಾಂತಿಭೇದಿಗೆ, ಜ್ವರಕ್ಕೆ ಅವರಲ್ಲಿ ಸಾವಿರಾರು ಮಂದಿ ಸತ್ತರು. ಅವರ ಹಾಜರಿಪಟ್ಟಿ ಯಾರ ಬಳಿಯೂ ಇಲ್ಲ. ಹಾಜರಿ ಬರೆಯುವ ಕೈ ನಮ್ಮದಾದ್ದರಿಂದಲೋ ಏನೋ, ಆ ಸುರಂಗಗಳಲ್ಲಿ ನಮಗೆ ಆ ಮಾತು ನೆನಪಾಗದೆ ಇರುವುದಿಲ್ಲ.

ಮಳವಳಿಯ ಒಂದು ಮಗ್ಗುಲಿಗೆ ಕಾರ್ಲೆ, ಇನ್ನೊಂದು ಮಗ್ಗುಲಿಗೆ ಭಾಜೆ. ಎರಡೂ ಬೌದ್ಧರ ಗುಹಾಲಯಗಳು. ಭಾಜೆಯಲ್ಲಿ 22 ಗುಹೆಗಳಿವೆ. ಅತಿ ಹಳೆಯವು ಕ್ರಿಸ್ತಪೂರ್ವ ಎರಡನೆಯ ಶತಮಾನದವು. ಕಾರ್ಲೆಯ ಚೈತ್ಯಗೃಹವಂತೂ ಭಾರತದಲ್ಲಿ ಬಂಡೆ ಕೊರೆದು ಮಾಡಿದ ಚೈತ್ಯಗಳಲ್ಲೆಲ್ಲ ದೊಡ್ಡದು: ಉದ್ದ 45 ಮೀಟರು, ಎತ್ತರ 14 ಮೀಟರು. ಒಳಗಿನ ಕಮಾನಿನ ಮರದ ಪಕ್ಕೆಗಳು ಸುಮಾರು ಎರಡು ಸಾವಿರ ವರ್ಷಗಳಾದರೂ ಇಂದಿಗೂ ಉಳಿದಿವೆ. ಅಲ್ಲಿಯ ಕಂಬಗಳ ಮೇಲೂ ಗೋಡೆಗಳ ಮೇಲೂ ದಾನಿಗಳ ಹೆಸರು ಕೆತ್ತಿದ್ದಾರೆ. ಅವುಗಳಲ್ಲಿ ಒಂದು ಬರಹ ನಾವೆಲ್ಲ ಎದೆಗೆ ಹಚ್ಚಿಕೊಳ್ಳುವಂಥದು. ಜಂಬೂದ್ವೀಪದಲ್ಲೇ ಶ್ರೇಷ್ಠವಾದ ಈ ಕಲ್ಲುಮನೆಯನ್ನು ಪೂರ್ಣಗೊಳಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲ ಎಂಬುದು ಅದರ ತಾತ್ಪರ್ಯ. ವೈಜಯಂತಿ ಎಂದರೆ ನಮ್ಮ ಬನವಾಸಿಯೇ ಎಂದು ವಿದ್ವಾಂಸರಲ್ಲಿ ಹೆಚ್ಚಿನವರು ಹೇಳುತ್ತಾರೆ. ರೈಲಿಲ್ಲ, ಮೋಟಾರಿಲ್ಲ, ಬನವಾಸಿಯ ಸೆಟ್ಟಿಯೊಬ್ಬನ ಹಣ ಘಟ್ಟದ ಸಾಲು ಹಿಡಿದು ಇಲ್ಲಿಯತನಕ ಬಂದು ಈ ಬಂಡೆಗೆ ಸಂದಿತು. ಹೊಟ್ಟೆಪಾಡಿಗೆ ಈ ಕಡೆ ಬಂದ ಮೊದಲಿಗರು ನಾವೇ ಎಂದು ತಿಳಿಯಬೇಕಾಗಿಲ್ಲ. ಅವನು ತನ್ನ ಊರಿನ ಹೆಸರು ಬರೆಸಲು ಮರೆಯಲಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಿರಿ.

ಭಾಜೆಯ ಹಳ್ಳಿಯಿಂದ ಲೋಹಗಡದ ಬುಡದ ವಾಡಿಗೆ ಏರುದಾರಿ. ಅಲ್ಲಿಯತನಕ ಮೋಟಾರಿನ ರಸ್ತೆಯೂ ಉಂಟು. ನಡೆಯಲಾರದವರು ಗಾಡಿ ಹಿಡಿಯಬಹುದು. ಎಡಕ್ಕೆ ವಿಸಾಪುರದ ಕೋಟೆ, ಬಲಕ್ಕೆ ಲೋಹಗಡ, ನಡುವೆ ಗಾಯಮುಖವೆಂಬ ಕಣಿವೆ. ಲೋಹಗಡದ ಎತ್ತರ ಸಮುದ್ರಮಟ್ಟದಿಂದ 1033 ಮೀಟರು. ಅಗಲವಾದ ಕಲ್ಲುಮೆಟ್ಟಿಲುಗಳು ಸುತ್ತಿ ಸುತ್ತಿ ಮೇಲೇರುತ್ತವೆ. ಗಣೇಶ, ನಾರಾಯಣ, ಹನುಮಾನ, ಮಹಾ ಎಂದು ಒಂದರ ಮೇಲೊಂದು ನಾಲ್ಕು ಹೆಬ್ಬಾಗಿಲು. ಶಿವಾಜಿ ಮಹಾರಾಜರು ಇದನ್ನು 1648ರಲ್ಲಿ ಗೆದ್ದರು. 1665ರ ಪುರಂದರದ ಒಪ್ಪಂದದಲ್ಲಿ ಮೊಗಲರಿಗೆ ಬಿಟ್ಟುಕೊಟ್ಟು 1670ರಲ್ಲಿ ಮರಳಿ ಪಡೆದರು. 1818ರಲ್ಲಿ ಇಂಗ್ಲಿಷರ ಕೈಸೇರಿತು. 2025ರ ಜುಲೈನಲ್ಲಿ ಮರಾಠರ ಹನ್ನೆರಡು ಕೋಟೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಅವುಗಳಲ್ಲಿ ಲೋಹಗಡವೂ ಒಂದಾಯಿತು. ತುದಿಯಿಂದ ಪವನಾ ಜಲಾಶಯವೂ ತುಂಗ, ತಿಕೋನ ಕೋಟೆಗಳೂ ಕಾಣುತ್ತವೆ. ಪಶ್ಚಿಮಕ್ಕೆ ಚೇಳಿನ ಬಾಲದಂತೆ ಚಾಚಿದ ನೀಳವಾದ ಕೋಡುಗಲ್ಲಿದೆ. ವಿಂಚೂಕಟಾ ಎಂದು ಅದರ ಹೆಸರು. ಹುಡುಗರ ಕಣ್ಣೆಲ್ಲ ಅದರ ಮೇಲೆ.

ಇನ್ನು ಲೆಕ್ಕ. ಕಾರಕೂನರಾದ ನಮಗೆ ಲೆಕ್ಕವಿಲ್ಲದೆ ಬೆಟ್ಟವೂ ಹತ್ತಲಾಗದು. ಸ್ಕಾಟ್‌ಲೆಂಡಿನ ನೈಸ್ಮಿತ್ ಎಂಬುವನು 1892ರಲ್ಲಿ ಒಂದು ಸೂತ್ರ ಹೇಳಿದ. ಮೂರು ಮೈಲಿಗೆ ಒಂದು ತಾಸು. ಅದರ ಮೇಲೆ ಎರಡು ಸಾವಿರ ಅಡಿ ಏರಿಗೆ ಇನ್ನೊಂದು ತಾಸು. ಈಗಿನ ಅಳತೆಯಲ್ಲಿ ಐದು ಕಿಲೋಮೀಟರಿಗೆ ಒಂದು ತಾಸು, ಆರು ನೂರು ಮೀಟರು ಏರಿಗೆ ಒಂದು ತಾಸು. ಉದಾಹರಣೆಗೆ ಆರು ಕಿಲೋಮೀಟರು ನಡೆದು ನಾನೂರು ಮೀಟರು ಏರಬೇಕಾದರೆ 72 ನಿಮಿಷಕ್ಕೆ 40 ಕೂಡಿಸಿ 112 ನಿಮಿಷ. ಇದು ಬಲಿಷ್ಠನಾದ ಒಬ್ಬ ಗಂಡಸಿನ ಲೆಕ್ಕ. ಕಂಕುಳಲ್ಲಿ ಕೂಸು, ಕೈಯಲ್ಲಿ ಬುತ್ತಿ, ಜೊತೆಗೆ ಅಜ್ಜಿ, ದಾರಿಯಲ್ಲಿ ಮೂರು ಸಲ ನೀರು: ನಾವು ಅದನ್ನು ಇಮ್ಮಡಿ ಮಾಡಿ ಹಿಡಿಯುತ್ತೇವೆ, ಅಂದರೆ ಹೆಚ್ಚುಕಡಿಮೆ ನಾಲ್ಕು ತಾಸು. ಇಳಿಯುವುದು ಬೇಗ ಎಂಬುದು ಹುಡುಗರ ಮಾತು. ಮೊಣಕಾಲು ನೋವಿರುವವರಿಗೆ ಇಳಿಜಾರೇ ಹೆಚ್ಚು ಕಠಿಣ.

ನಾತಾಳದ ಹೊತ್ತಿಗೆ ಈ ಸೀಮೆಯಲ್ಲಿ ಸೂರ್ಯ ಏಳು ಗಂಟೆ ದಾಟಿದ ಮೇಲೆ ಹುಟ್ಟಿ ಆರು ಗಂಟೆಯ ಸುಮಾರಿಗೆ ಮುಳುಗುತ್ತಾನೆ. ಹಗಲು ಹನ್ನೊಂದೇ ತಾಸು. ಆದ್ದರಿಂದ ಹೊರಡುವ ಮೊದಲೇ ನಾವು ಎರಡು ನಿಯಮಗಳನ್ನು ಎಲ್ಲರೆದುರು ಓದಿಹೇಳುತ್ತೇವೆ. ಒಂದು, ತಿರುಗುವ ಹೊತ್ತು. ಎಲ್ಲಿಯೇ ಇರಲಿ, ತುದಿ ಎಷ್ಟೇ ಸಮೀಪವಿರಲಿ, ಗೊತ್ತುಮಾಡಿದ ಗಂಟೆಗೆ ಎಲ್ಲರೂ ತಿರುಗತಕ್ಕದ್ದು. ಎರಡು, ಹಿಂಗಾವಲು. ದಾರಿ ಬಲ್ಲವನೊಬ್ಬ ಮುಂದೆ, ಇನ್ನೊಬ್ಬ ಎಲ್ಲರಿಗಿಂತ ಹಿಂದೆ. ಹಿಂದಿನವನ ಕೊರಳಲ್ಲಿ ಸೀಟಿ. ಅವನ ಹಿಂದೆ ನಮ್ಮವರು ಯಾರೂ ಇರಕೂಡದು. ತಂಡದ ನಡಿಗೆಯ ವೇಗ ನಿಧಾನದವರ ವೇಗವೇ.

ಈ ನಿಯಮಗಳನ್ನು ಕಾಗದದ ಮೇಲೆ ಬರೆಯುವುದು ಸುಲಭ. 2023ರಲ್ಲಿ ಅವಕ್ಕೆ ಪರೀಕ್ಷೆಯಾಯಿತು. ಆ ವರ್ಷ ನಾತಾಳ ಸೋಮವಾರ ಬಂದಿತ್ತು. ನಾವು ಇಪ್ಪತ್ತಾರು ಜನ, ಅದರಲ್ಲಿ ಏಳು ಮಕ್ಕಳು. ಗದಗಿನ ಕಡೆಯ ಗೆಳೆಯರೊಬ್ಬರ ತಾಯಿಯೂ ಬಂದಿದ್ದರು. ಊರಿನಲ್ಲಿ ಹೊಲಕ್ಕೆ ನಡೆದು ಬಾಳಿದ ಜೀವ. ಮಗನ ಚಾಳಿಗೆ ಬಂದು ಎರಡು ವರ್ಷವಾಗಿತ್ತು, ಕೋಣೆ ಬಿಟ್ಟರೆ ನಲ್ಲಿ, ನಲ್ಲಿ ಬಿಟ್ಟರೆ ಕೋಣೆ. ಮುದುಕಿಯನ್ನು ಏಕೆ ಕರೆತಂದಿರಿ ಎಂದು ಸ್ಟೇಶನ್ನಿನಲ್ಲೇ ಒಬ್ಬಿಬ್ಬರು ಗೊಣಗಿದರು. ಭಾಜೆಯ ದಾರಿಗೆ ಬರುತ್ತಲೇ ಅವರು ಚಪ್ಪಲಿ ಕಳಚಿ ಕೈಚೀಲದಲ್ಲಿ ಇಟ್ಟುಕೊಂಡರು. ಅಲ್ಲಿಂದ ವಾಡಿಯ ತನಕ ಹುಡುಗರಿಗಿಂತ ಗಟ್ಟಿಯಾಗಿಯೇ ನಡೆದರು. ಮೆಟ್ಟಿಲು ಬಂದಾಗ ಮೊಣಕಾಲು ಕೈಕೊಟ್ಟಿತು. ಹನುಮಾನ ಬಾಗಿಲಿನ ನೆರಳಿನಲ್ಲಿ ಕುಳಿತುಬಿಟ್ಟರು. ಆಗ ಎರಡು ಗಂಟೆ. ತಿರುಗುವ ಹೊತ್ತೆಂದು ಗೊತ್ತುಮಾಡಿದ್ದು ಎರಡೂವರೆ.

ತುದಿಗೆ ಇನ್ನೊಂದೇ ಬಾಗಿಲು. ವಿಜಾಪುರದ ಕಡೆಯ ತರುಣನೊಬ್ಬ ತಡೆಯಲಾರದೆ, “ಅಣ್ಣಾರ, ಇಷ್ಟು ದೂರ ಬಂದು ಬಾಗಿಲದಾಗ ಕುಂತು ತಿರಗೂದಂದ್ರ ಹೆಂಗ್ರಿ? ಯಾರಿಗೆ ಆಗೂದಿಲ್ಲೋ ಅವರು ಇಲ್ಲೇ ಇರಲಿ. ನಾವು ವಿಂಚೂಕಟಾ ನೋಡಿ ಓಡಿ ಬರ್ತೀವಿ” ಎಂದ. ಅವನ ಮಾತಿನಲ್ಲಿ ಕೆಡುಕಿರಲಿಲ್ಲ. ಗುತ್ತಿಗೆಯ ಕೆಲಸದವನು, ರಜೆ ಎಂದರೆ ಅವನಿಗೆ ಕೂಲಿಯಿಲ್ಲದ ದಿನ. ಆ ದಿನದ ಬೆಲೆ ಅವನು ಕೊಟ್ಟು ಬಂದಿದ್ದ. ಆ ತಾಯಿಯೂ, “ಯಪ್ಪಾ, ನನ್ನ ಸಲುವಾಗಿ ನೀವ್ಯಾಕ ನಿಲ್ತೀರಿ? ನಾ ಇಲ್ಲೇ ಕುಂತಿರ್ತೀನಿ, ಹೋಗಿ ಬರ್ರಿ” ಎಂದರು. ಅವರ ಮಗನ ಮುಖ ನೋಡಲಾಗುತ್ತಿರಲಿಲ್ಲ.

ನಮ್ಮೊಳಗೆ ಹಿರಿಯರಾದ ಉಡುಪಿಯ ಕಡೆಯವರೊಬ್ಬರು ಮೆಟ್ಟಿಲ ಮೇಲೆ ಕುಳಿತು ಸಮಾಧಾನವಾಗಿ ಲೆಕ್ಕ ಬಿಡಿಸಿದರು. “ಹಾಗಲ್ಲ ಮಾರಾಯ. ದಾರಿ ಬಲ್ಲವರು ಎಷ್ಟು ಮಂದಿ? ಇಬ್ಬರು. ಬ್ಯಾಟರಿ ಎಷ್ಟು? ನಾಲ್ಕು. ತಂಡ ಒಡೆದರೆ ಎರಡು ಕಡೆಗೂ ಅರ್ಧ ಅರ್ಧ. ನೀನು ಕೋಡುಗಲ್ಲಿನ ತುದಿಗೆ ಹೋಗಿ ಬರಲು ಒಂದೂವರೆ ಗಂಟೆ ಬೇಕು. ಇವರು ಇಳಿಯಲು ಯಾವಾಗ ಹೊರಡಬೇಕು? ನಿನಗೆ ಕಾದರೆ ಕತ್ತಲೆ, ಕಾಯದಿದ್ದರೆ ನೀನು ಬಂದಾಗ ಇಲ್ಲಿ ಯಾರೂ ಇಲ್ಲ. ಬೆಟ್ಟ ಬರುವ ವರ್ಷವೂ ಇಲ್ಲೇ ಇರುತ್ತದೆ.” ಯಾರೂ ಮಾತಾಡಲಿಲ್ಲ. ಎರಡೂವರೆಗೆ ಸೀಟಿ ಊದಿತು. ಇಪ್ಪತ್ತಾರು ಜನವೂ ತಿರುಗಿದೆವು. ಆ ತರುಣ ಸಿಟ್ಟಿನಿಂದಲೇ ಆ ತಾಯಿಯ ಕೈಚೀಲ ಹೊತ್ತ.

ಮೆಟ್ಟಿಲಿಳಿದು ವಾಡಿ ಸೇರುವಾಗ ಮೂರೂಮುಕ್ಕಾಲು. ರಜೆಯ ದಿನ; ಖಾಲಿ ಗಾಡಿ ಒಂದೂ ಸಿಗಲಿಲ್ಲ. ಹತ್ತು ಹೆಜ್ಜೆಗೊಮ್ಮೆ ನಿಂತು, ಇಬ್ಬರ ಹೆಗಲು ಹಿಡಿದು, ಆ ತಾಯಿ ಭಾಜೆಯ ತನಕ ಇಳಿದರು. ಹಳ್ಳಿಯ ಮೊದಲ ಮನೆ ಕಂಡಾಗ ಆರು ಗಂಟೆ ದಾಟಿತ್ತು. ಹತ್ತಿರದಲ್ಲಿ ನಿಂತವರ ಮುಖ ಮಬ್ಬಾಗಿತ್ತು. ಮಳವಳಿಗೆ ಹೋಗುವ ಸಮತಟ್ಟಾದ ರಸ್ತೆಯಲ್ಲಿ ಬ್ಯಾಟರಿ ಹಚ್ಚಿಕೊಂಡು ನಡೆದೆವು. ಪ್ಲಾಟ್‌ಫಾರ್ಮಿನ ಮೇಲೆ ತಲೆ ಎಣಿಸಿದರೆ ಇಪ್ಪತ್ತಾರು. ಒಂದೂವರೆ ತಾಸು ತಡವಾಗಿದ್ದರೆ ಇದೇ ಕತ್ತಲೆ ನಮಗೆ ಇಳಿಜಾರಿನ ನಡುವೆ, ಏಳು ಮಕ್ಕಳೊಡನೆ ಸಿಗುತ್ತಿತ್ತು. ಆ ದಿನ ಏನೂ ಅಪಘಾತವಾಗಲಿಲ್ಲ. ಹೇಳಿಕೊಳ್ಳುವಂಥ ಕಥೆಯೇ ಇಲ್ಲ. ನಿಯಮವಿರುವುದು ಕಥೆಯಾಗದಿರಲೆಂದೇ.

ಗಾಡಿಯಲ್ಲಿ ಆ ತಾಯಿ ತುದಿಯ ಮಾತೇ ಎತ್ತಲಿಲ್ಲ. ಎರಡು ವರ್ಷದ ಮೇಲೆ ಕಾಲಿಗೆ ಮಣ್ಣು ಹತ್ತಿತು ಎಂದಷ್ಟೇ ಹೇಳಿದರು. ಮರುವರ್ಷ ನಾವು ಮತ್ತೆ ಲೋಹಗಡಕ್ಕೇ ಹೋದೆವು, ತುದಿಯನ್ನೂ ಮುಟ್ಟಿದೆವು. ಹೊರಡುವ ಮುನ್ನ ಹಿಂಗಾವಲಿನ ಸೀಟಿ ಯಾರಿಗೆ ಎಂದು ಕೇಳಿದಾಗ ಮೊದಲು ಕೈ ಚಾಚಿದವನು ಆ ವಿಜಾಪುರದ ತರುಣನೇ.

ಈಗ ಸಾಮಾನಿನ ಮಾತು. ನೀರು ಮೊದಲು. ಡಿಸೆಂಬರದಲ್ಲಿ ದಾರಿಯ ತೊರೆಗಳನ್ನು ನಂಬಬೇಡಿರಿ. ಕೋಟೆಯ ಕೊಳದ ನೀರು ಕುಡಿಯಲು ತಕ್ಕದ್ದಲ್ಲ. ತಲೆಗೆ ಎರಡರಿಂದ ಮೂರು ಲೀಟರು ಹೊತ್ತೊಯ್ಯಬೇಕು. ಚಳಿಯಲ್ಲಿ ಬಾಯಾರಿಕೆ ತಿಳಿಯುವುದಿಲ್ಲ, ಆದರೆ ಬೆವರು ಹರಿಯುತ್ತಲೇ ಇರುತ್ತದೆ. ಸುಸ್ತಾದವರಿಗೆ, ವಾಂತಿಭೇದಿಯಾದವರಿಗೆ ಒಂದು ಲೀಟರು ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿರಿ. ಈ ಅಳತೆಯನ್ನು ಚೀಟಿಯಲ್ಲಿ ಬರೆದು ಉಪ್ಪಿನ ಪೊಟ್ಟಣಕ್ಕೆ ಅಂಟಿಸಿರಿ.

ಬಟ್ಟೆಯ ವಿಚಾರ. ಸಾವಿರ ಮೀಟರು ಏರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಆ ಲೆಕ್ಕದಲ್ಲಿ ನಾನೂರು ಮೀಟರಿಗೆ ಎರಡೂವರೆ ಡಿಗ್ರಿ, ದೊಡ್ಡದೇನಲ್ಲ. ಆದರೆ ಬೆವರಿದ ಮೈಗೆ ಕೋಟೆಯ ಗಾಳಿ ಬಡಿದಾಗ ನಡುಕ ಹತ್ತುತ್ತದೆ. ಏರುವಾಗ ಸ್ವೆಟರ್ ಕಳಚಿ ಚೀಲದಲ್ಲಿಡಿರಿ, ನಿಂತಾಗ ತೊಡಿರಿ. ಮಕ್ಕಳಿಗೊಂದು ಒಣ ಅಂಗಿ ಹೆಚ್ಚಿಗೆ ಇರಲಿ. ಹೊಸ ಬೂಟನ್ನು ಅಂದೇ ತೊಡಬೇಡಿರಿ. ಹಳೆಯ ಕ್ಯಾನ್ವಾಸ್ ಬೂಟೇ ಲೇಸು, ಅಟ್ಟೆ ಸವೆದಿರಬಾರದು. ಬ್ಯಾಟರಿ ಬೇರೆಯಾಗಿಯೇ ಇರಲಿ. ಮೊಬೈಲಿನ ದೀಪವನ್ನು ನೆಚ್ಚಿದರೆ ದೀಪವೂ ಹೋಗಿ, ಕರೆ ಮಾಡುವ ಸಾಧನವೂ ಹೋಗುತ್ತದೆ. ತುರ್ತಿಗೆ 112 ಎಂಬ ಸಂಖ್ಯೆಯನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿರಿ. ಕಣಿವೆಯಲ್ಲಿ ಸಂಪರ್ಕ ಸಿಗದಿದ್ದರೆ ತೆರೆದ ಏಣಿಗೆ ಬಂದು ಪ್ರಯತ್ನಿಸಬೇಕು.

ಬುತ್ತಿಯ ವಿಷಯದಲ್ಲಿ ಅಕ್ಕತಂಗಿಯರಿಗೆ ನಾವು ಹೇಳಿಕೊಡಬೇಕಾದದ್ದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರುಬುತ್ತಿ ಒಂದು ಕಡೆಯವರದು. ಇಡ್ಲಿ, ಕಡುಬು, ಅವಲಕ್ಕಿ ಇನ್ನೊಂದು ಕಡೆಯವರದು. ಎಲ್ಲ ಡಬ್ಬಿಗಳೂ ಒಂದೇ ಚಾದರದ ಮೇಲೆ ತೆರೆದುಕೊಂಡಾಗ ಕರ್ನಾಟಕದ ನಕಾಶೆ ನೋಡಿದಂತಾಗುತ್ತದೆ. ಒಂದೇ ನಿಬಂಧನೆ: ಹಿಂದಿನ ರಾತ್ರಿ ಹೆಂಗಸರೊಬ್ಬರೇ ಒಲೆಯ ಮುಂದೆ ಕೂಡ್ರತಕ್ಕದ್ದಲ್ಲ. ನಿದ್ದೆಗೆಟ್ಟು ಬಂದವರು ಬೆಟ್ಟ ಹತ್ತಿಯಾರೆ? ಅವರಿಗೂ ಅದು ರಜೆಯೇ. ಗಂಡಸರು ತೆಂಗಿನಕಾಯಿ ತುರಿಯಬಹುದು, ಡಬ್ಬಿ ತೊಳೆಯಬಹುದು. ಹೊರೆಯನ್ನೂ ಹಂಚಿಕೊಳ್ಳಬೇಕು, ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ.

ಇನ್ನು ಎಚ್ಚರಿಕೆಗಳು. ಕೋಟೆಯ ಬಂಡೆಗಳಿಗೆ ಹೆಜ್ಜೇನು ಕಟ್ಟುತ್ತವೆ. ಹೊಗೆ, ಗದ್ದಲ, ಕಲ್ಲೆಸೆತ, ಘಾಟಾದ ಅತ್ತರು, ಇವುಗಳಿಂದ ಅವು ಕೆರಳುತ್ತವೆ. ಎದ್ದ ಜೇನಿಗೆ ಕೈಬೀಸದೆ, ತಲೆ ಮುಖ ಮುಚ್ಚಿಕೊಂಡು ಅಲ್ಲಿಂದ ದೂರ ಸರಿಯಬೇಕು, ಬಂಡೆಯಂಚಿಗೆ ಓಡಬಾರದು. ಒಣಹುಲ್ಲಿನ ಕಾಲದಲ್ಲಿ ಬೆಂಕಿ ಹಚ್ಚಲೇಬಾರದು. ಬೀಡಿಯ ತುಂಡೊಂದು ಸಾಕು, ಇಡೀ ಗುಡ್ಡ ಉರಿದುಹೋಗುತ್ತದೆ, ದನಗಳ ಮೇವೂ ಹೋಗುತ್ತದೆ. ಹಾವು ಕಚ್ಚಿದರೆ ಕುಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಬೇಡ. ಕಚ್ಚಿಸಿಕೊಂಡವರನ್ನು ಅಲುಗಾಡಿಸದೆ ಹೊತ್ತು ಆಸ್ಪತ್ರೆಗೆ ಸಾಗಿಸಬೇಕು. ಕಂಬಗಳ ಮೇಲೆ ನಮ್ಮ ಹೆಸರು ಗೀಚಬಾರದು. ಹೆಸರು ಕೆತ್ತಿಸಿದ ಭೂತಪಾಲ ಅದಕ್ಕೆ ಬೆಲೆ ತೆತ್ತಿದ್ದ. ಎಲೆ, ಪ್ಲಾಸ್ಟಿಕ್ಕು ನಮ್ಮ ಚೀಲದಲ್ಲೇ ಮರಳಿ ಬರಲಿ. ವಾಡಿಯ ಜನ ನಮ್ಮ ಕಸ ಬಳಿಯುವ ಆಳುಗಳಲ್ಲ.

ಖರ್ಚಿನ ಮಾತು ಹೇಳಿ ಮುಗಿಸುತ್ತೇವೆ. ಗಣೇಶ ಚೌತಿಯಿಂದ ಡಿಸೆಂಬರದ ತನಕ ಈ ಮೇಜಿನ ಮೇಲೊಂದು ಮುಚ್ಚಿದ ಡಬ್ಬಿ ಇಡುತ್ತೇವೆ. ವಾರಕ್ಕೊಮ್ಮೆ ಕೈಲಾದದ್ದು ಹಾಕುವುದು. ಯಾರು ಎಷ್ಟು ಹಾಕಿದರೆಂದು ಬರೆಯುವುದಿಲ್ಲ. ಬರೆಯುವುದೇ ಕಸುಬಾದ ನಾವು ಇದೊಂದನ್ನು ಮಾತ್ರ ಬರೆಯುವುದಿಲ್ಲ. ಡಿಸೆಂಬರದಲ್ಲಿ ಡಬ್ಬಿ ಒಡೆದು ಎಲ್ಲರಿಗೂ ಟಿಕೇಟು ತೆಗೆಸುತ್ತೇವೆ. ಕಡಿಮೆ ಬಿದ್ದರೆ ಹತ್ತಿರದ ಬೆಟ್ಟ, ಹೆಚ್ಚಾದರೆ ದೂರದ ಬೆಟ್ಟ. ಹಣವಿಲ್ಲವೆಂದು ಯಾರೂ ಹಿಂದುಳಿಯಬಾರದು. ದಿನಗೂಲಿಯ ಗೆಳೆಯರು ಯಾವ ದಿನ ಬಿಡುವು ಮಾಡಿಕೊಳ್ಳಬಲ್ಲರೋ ಅದನ್ನು ಕೇಳಿಕೊಂಡೇ ದಿನ ಗೊತ್ತುಮಾಡುತ್ತೇವೆ.

ಬಂಧುಗಳೆ, ಈ ನಗರದಲ್ಲಿ ನಾವು ನೆರೆಮನೆಯವರ ಹೆಸರನ್ನು ಬಾಗಿಲ ಫಲಕದ ಮೇಲೆ ಓದಿ ತಿಳಿಯುವವರು. ಒಂದು ದಿನ ಜೊತೆಯಾಗಿ ಬೆಟ್ಟ ಹತ್ತಿದರೆ ಯಾರಿಗೆ ಮೊಣಕಾಲು ನೋವು, ಯಾವ ಮಗುವಿಗೆ ಕತ್ತಲೆಯ ಅಂಜಿಕೆ, ಯಾರ ಡಬ್ಬಿ ಹಗುರವಾಗಿದೆ ಎಂಬುದೆಲ್ಲ ತಿಳಿಯುತ್ತದೆ. ಅದನ್ನು ತಿಳಿದ ಮೇಲೆ ಸುಮ್ಮನಿರಲಾಗುವುದಿಲ್ಲ. 2023ರ ಆ ಪ್ರವಾಸದ ಮೇಲೆ ಗದಗಿನ ಗೆಳೆಯರು ಎರಡನೆಯ ಪಾಳಿಗೆ ಹೋದ ದಿನಗಳಲ್ಲಿ ಅವರ ತಾಯಿಯನ್ನು ಸಂಜೆ ಮೈದಾನದ ತನಕ ನಡೆಸಿಕೊಂಡು ಹೋಗಲು ಚಾಳಿನ ಹುಡುಗರು ಸರದಿ ಹಾಕಿಕೊಂಡರು. ಅವರು ಊರಿಗೆ ಮರಳುವ ತನಕ ಆ ಸರದಿ ನಡೆಯಿತು. ಬೆಟ್ಟದಿಂದ ನಾವು ತಂದದ್ದೇನು ಎಂದು ಯಾರಾದರೂ ಕೇಳಿದರೆ ಇದನ್ನು ಹೇಳುತ್ತೇವೆ.

ಈ ಸಲ ಬೆಳಿಗ್ಗೆ ಭಾಜೆಯ ಗುಹೆಗಳು, ಅನಂತರ ಲೋಹಗಡ. ಏರಲಾರದ ಹಿರಿಯರು ವಾಡಿಯ ತನಕ ಗಾಡಿಯಲ್ಲಿ ಬರಬಹುದು. ಅದನ್ನು ಮುಂಚಿತವಾಗಿಯೇ ಗೊತ್ತುಮಾಡುತ್ತೇವೆ. ತಿರುಗುವ ಹೊತ್ತು ಎರಡೂವರೆ. ಬರುವವರು ತಮ್ಮ ಹೆಸರು, ಮಕ್ಕಳ ವಯಸ್ಸು, ಇರುವ ಕಾಯಿಲೆ ಕಸಾಲೆಗಳನ್ನು ಮುಚ್ಚುಮರೆಯಿಲ್ಲದೆ ವಾಚನಾಲಯದ ವಹಿಯಲ್ಲಿ ಬರೆಯಿಸಬೇಕೆಂದು ಬಿನ್ನವಿಸುತ್ತೇವೆ. ಹೃದಯದ ತೊಂದರೆ, ಉಬ್ಬಸ ಇರುವವರು ವೈದ್ಯರನ್ನು ಕೇಳಿಯೇ ಬರಬೇಕು. ಹಿಂಗಾವಲಿಗೆ ಇನ್ನಿಬ್ಬರು ಬೇಕಾಗಿದ್ದಾರೆ. ಬೇಗ ನಡೆಯುವವರಿಗಿಂತ ನಿಧಾನವಾಗಿ ನಡೆಯಬಲ್ಲವರು ಮುಂದೆ ಬಂದರೆ ಉಪಕಾರವಾದೀತು.